ಸೋತ ತುಂಡಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಬಾಡಿಗೆ ಮನೆ ಬದಲಿಸುವಾಗ ಪಾರ್ಟಿಕಲ್ ಬೋರ್ಡಿನ ಕಪಾಟು ಬಿಚ್ಚಿ ಮತ್ತೆ ಜೋಡಿಸಿದವರಿಗೆ ಗೊತ್ತು, ಸ್ಕ್ರೂ ಎರಡನೇ ಸಲ ಮೊದಲಿನಷ್ಟು ಬಿಗಿಯಾಗಿ ಕೂರುವುದಿಲ್ಲ. ಅಂಚು ಒಡೆದ ಕಡೆ ನೋಡಿ. ಮೇಲೂ ಕೆಳಗೂ ಒತ್ತಾಗಿ ನುಣುಪಾಗಿರುತ್ತದೆ. ನಡುವೆ ಮಾತ್ರ ಚಕ್ಕೆ ಸಡಿಲ, ಉಗುರಿನಿಂದ ಕೆದಕಿದರೆ ಉದುರುತ್ತದೆ. ಅಂಟು ಬೆರೆಸಿದ ಮರದ ಚಕ್ಕೆಯನ್ನು ಬಿಸಿ ತಟ್ಟೆಗಳ ನಡುವೆ ಅದುಮುವಾಗ ಹೊರಪದರಕ್ಕೆ ಬಿಸಿ ಮೊದಲು ತಟ್ಟುತ್ತದೆ, ಒಡಲಿಗೆ ತಡವಾಗಿ.

ಪ್ರಯೋಗಾಲಯದವರು ಕೆಣಕುವುದು ಈ ಒಡಲನ್ನೇ. 50 ಮಿಲಿಮೀಟರ್ ಚೌಕದ ತುಂಡು ಕತ್ತರಿಸಿ, ಎರಡು ಮುಖಕ್ಕೂ ಲೋಹದ ಗಟ್ಟಿ ಅಂಟಿಸಿ, ಯಂತ್ರಕ್ಕೆ ಕೊಟ್ಟು ಎಳೆಸುತ್ತಾರೆ. ಟಪ್ಪನೆ ಎರಡಾಗುತ್ತದೆ. ಪಕ್ಕದ ತುಂಡು ಅದೇ ಹಲಗೆಯದೇ ಆದರೂ ಅಷ್ಟೇ ಬಲಕ್ಕೆ ಬಿಡುವುದಿಲ್ಲ.

ಇಲ್ಲಿ ಸರಾಸರಿ ನಮ್ಮನ್ನು ಯಾಮಾರಿಸುತ್ತದೆ. ಎರಡು ಕಾರ್ಖಾನೆ ಇವೆ ಎಂದುಕೊಳ್ಳಿ. ಈ ಸಲ ಎಳೆಯದೆ ಬಾಗಿಸಿ ಮುರಿಯೋಣ; ಎರಡರ ಹಲಗೆಯೂ ಮುರಿಯುವ ಮುನ್ನ ತಾಳುವ ಬಲ, ಯಾವುದೋ ಒಂದು ಅಳತೆಯಲ್ಲಿ, ಸರಾಸರಿ 30. ಮೊದಲನೆಯದರಲ್ಲಿ ಏರುಪೇರಿನ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 2, ಇನ್ನೊಂದರಲ್ಲಿ 6. ಅಂಕಿಗಳು ಗಂಟೆಯಾಕಾರದಲ್ಲಿ, ಅಂದರೆ ಹೆಚ್ಚಿನವು ಸರಾಸರಿಯ ಹತ್ತಿರ, ಎರಡೂ ಬದಿಗೆ ಸಮನಾಗಿ ವಿರಳವಾಗುತ್ತ ಹರಡಿದ್ದರೆ, ನೂರರಲ್ಲಿ ಐದು ತುಂಡು ಯಾವ ಗೆರೆಯ ಕೆಳಗೆ ಬೀಳುತ್ತವೆ? ಏರುಪೇರನ್ನು ಈ ಆಕಾರಕ್ಕೆ ಹೊಂದುವ 1.645ರಿಂದ ಗುಣಿಸಿ ಸರಾಸರಿಯಿಂದ ಕಳೆಯಿರಿ. ಮೊದಲನೆಯದಕ್ಕೆ ಸುಮಾರು 26.7, ಎರಡನೆಯದಕ್ಕೆ 20.1. ನಾನಾದರೆ ಎರಡನೆಯದರಲ್ಲಿ ಪುಸ್ತಕದ ಕಪಾಟು ಮಾಡಿಸುವುದಿಲ್ಲ.

ಆದರೆ ಮುರಿತಕ್ಕೆ ಗಂಟೆಯಾಕಾರ ಯಾವಾಗಲೂ ಒಪ್ಪುವುದಿಲ್ಲ. ಸ್ವೀಡನ್ನಿನ ಎಂಜಿನಿಯರ್ ವಾಲೋಡಿ ವೈಬುಲ್ 1939ರಲ್ಲಿ ವಸ್ತುವನ್ನು ಸರಪಳಿಯಂತೆ ಲೆಕ್ಕ ಹಾಕಿದರು: ಅತಿ ಸೊರಗಿದ ಕೊಂಡಿ ಕಡಿದರೆ ಇಡೀ ಸರಪಳಿಯೇ ಹೋಯಿತು. ಕೊಂಡಿ ಹೆಚ್ಚಿದಷ್ಟೂ ಸೊರಗಿದ್ದೊಂದು ಸಿಗುವ ಸಂಭವ ಹೆಚ್ಚು. ದೊಡ್ಡ ಹಲಗೆ ಚಿಕ್ಕ ತುಂಡಿಗಿಂತ ಕಡಿಮೆ ಒತ್ತಡಕ್ಕೇ ಸೋಲುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು, ಎಷ್ಟು ತುಂಡು ಮುರಿಯಬೇಕು? ನೂರರಲ್ಲಿ ಐದರ ಆ ಗೆರೆಯ ಕೆಳಗಿನದು ಒಂದಾದರೂ ಸಿಗಲಿ ಎಂದು 20 ತುಂಡು ಮುರಿದರೆ, ಸಿಗುವ ಸಾಧ್ಯತೆ ನೂರಕ್ಕೆ 64 ಮಾತ್ರ. ಅದನ್ನು 95ಕ್ಕೆ ಏರಿಸಲು 59 ತುಂಡು ಬೇಕು. ಮುರಿದ ಹಲಗೆ ಮಾರಲು ಬರುವುದಿಲ್ಲ ನೋಡಿ, ಹೆಚ್ಚು ತುಂಡು ಮುರಿದಷ್ಟೂ ಕಾರ್ಖಾನೆಗೆ ನಷ್ಟ.