ಹತ್ತು ವರ್ಷ ಭರತನಾಟ್ಯ ಕಲಿತರೂ ‘ಎಫ್’ ಖಾಲಿ!

ನಮ್ಮನೆ ಊಟದ ಟೇಬಲ್ ಮೇಲೆ ಒಂದು ಕಡೆ ಗೆಜ್ಜೆ, ಇನ್ನೊಂದು ಕಡೆ ಲ್ಯಾಪ್‌ಟಾಪ್. ಒಂದು ವರ್ಷ ಈ ಟೇಬಲ್ಲಿನಲ್ಲಿ ನಾವು ಸರಿಯಾಗಿ ಊಟ ಮಾಡಿಲ್ಲ. ಯಾಕೆ ಅಂತ ಇವತ್ತು ಹೇಳುತ್ತೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಗಳು ಈಗಷ್ಟೇ ಹನ್ನೊಂದನೇ ಕ್ಲಾಸ್ ಮುಗಿಸಿದ್ದಾಳೆ. ಬರ್ಕ್ಲಿ, ಡೇವಿಸ್, ಸ್ಯಾನ್ ಡಿಯೇಗೊ ಹೀಗೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ 9 ಕ್ಯಾಂಪಸ್‌ಗಳಲ್ಲಿ ಡಿಗ್ರಿ ಓದಬಹುದು. ಯಾವುದಕ್ಕೆ ಅರ್ಜಿ ಹಾಕುವುದಾದರೂ ಎ-ಜಿ ಅನ್ನುವ ಲೆಕ್ಕ ತುಂಬಿರಬೇಕು. ಎ ಅಂದರೆ ಇತಿಹಾಸ, ಬಿ ಇಂಗ್ಲಿಷ್, ಸಿ ಗಣಿತ, ಹೀಗೆ ಜಿ ತನಕ. ಒಂದೊಂದು ವರ್ಷದ 15 ಕೋರ್ಸು, ಅದರಲ್ಲಿ 11 ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು, ಎಲ್ಲದರಲ್ಲೂ ಕನಿಷ್ಠ ಸಿ ಗ್ರೇಡ್ ಬಂದಿರಬೇಕು. ಪಿಯುಸಿ ಮಾರ್ಕ್ಸ್ ಕಾರ್ಡ್, ಸಿಇಟಿ ರ‍್ಯಾಂಕ್ ಇಷ್ಟರಲ್ಲೇ ಮುಗಿಸಿದ ನನ್ನಂಥವಳಿಗೆ ಇದು ತಲೆಗೆ ಹತ್ತಲು ಒಂದು ವರ್ಷ ಬೇಕಾಯಿತು.

ನಾವು ಎಡವಿದ್ದು ಎಫ್‌ನಲ್ಲಿ. ಎಫ್ ಅಂದರೆ ಕಲೆ. ಬೇಕಾಗಿದ್ದು ಒಂದೇ ಒಂದು ವರ್ಷದ ಕೋರ್ಸು. ಮಗಳು ಒಂಬತ್ತನೇ ಕ್ಲಾಸಿನಲ್ಲಿ ಒಂದು ಸೆಮಿಸ್ಟರ್ ಡ್ರಾಯಿಂಗ್, ಹತ್ತರಲ್ಲಿ ಒಂದು ಸೆಮಿಸ್ಟರ್ ನಾಟಕ ತಗೊಂಡಿದ್ದಳು. ಅರ್ಧಕ್ಕೆ ಅರ್ಧ ಸೇರಿದರೆ ಒಂದು ಅಂತ ನಾವು ನೆಮ್ಮದಿಯಾಗಿದ್ದೆವು. ಸೇರುವುದಿಲ್ಲ! ಎರಡೂ ಸೆಮಿಸ್ಟರ್ ಒಂದೇ ಕಲೆಯದ್ದಾಗಿರಬೇಕು ಅಂತ ಕೌನ್ಸೆಲರ್ ಹೇಳಿದಾಗ ನಾನು ತಕ್ಷಣ, ಇವಳು ಹತ್ತು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ರಂಗಪ್ರವೇಶ ಕೂಡ ಆಗಿದೆ ಅಂತ ಫೋಟೋ ಸಮೇತ ತೋರಿಸಿದೆ. ಪಾಪ, ಅವರು ಫೋಟೋ ನೋಡಿ ಚೆನ್ನಾಗಿದೆ ಅಂದರು. ಆದರೆ ಹೊರಗಿನ ಡ್ಯಾನ್ಸ್ ಕ್ಲಾಸ್ ನಮ್ಮ ಶಾಲೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಅಂದರು.

ಹಾಸನದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನು ಹೇಳಿದೆ. “ಏನೇ ಹಂಗಂದ್ರೆ, ನಮ್ಮ ಪುಟ್ಟಿಗೆ ಕಲೆ ಬರಲ್ಲ ಅಂತಾರಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹನ್ನೊಂದನೇ ಕ್ಲಾಸಿನ ಟೈಮ್‌ಟೇಬಲ್ ಆಗಲೇ ಭರ್ತಿ. ಹಾಗಾಗಿ ಆನ್‌ಲೈನ್ ಕೋರ್ಸು. ಇಲ್ಲೇ ನಾನು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ರಾತ್ರಿ ಹನ್ನೊಂದು ಗಂಟೆ, ಒಂದು ವೆಬ್‌ಸೈಟಿನಲ್ಲಿ ಮಾನ್ಯತೆ ಇದೆ ಅಂತ ದೊಡ್ಡ ಅಕ್ಷರದಲ್ಲಿ ಇತ್ತು, ಕಾರ್ಡ್ ನಂಬರ್ ಅರ್ಧ ಹಾಕಿಯೂ ಆಗಿತ್ತು, ಅಷ್ಟರಲ್ಲಿ ನಮ್ಮನೆಯವರು ಹಿಂದಿನಿಂದ, “ಎ-ಜಿ ಲಿಸ್ಟಲ್ಲಿ ಇದೆಯಾ ನೋಡಿದ್ಯಾ?” ಅಂದರು. ನೋಡಿರಲಿಲ್ಲ. ನೋಡಿದರೆ ಇರಲಿಲ್ಲ. ಶಾಲೆಗೆ ಮಾನ್ಯತೆ ಇರುವುದೇ ಬೇರೆ, ಆ ಕೋರ್ಸನ್ನು ಯುನಿವರ್ಸಿಟಿ ಒಪ್ಪಿರುವುದೇ ಬೇರೆ. ಆ ಲಿಸ್ಟ್ ಯುನಿವರ್ಸಿಟಿಯ ಸೈಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇದೆ, ಲಾಗಿನ್ ಕೂಡ ಬೇಡ. ಆನ್‌ಲೈನ್ ಶಾಲೆಯ ಹೆಸರು ಹಾಕಿ, ಯಾವ ವರ್ಷ ಅಂತ ಆರಿಸಿ, ಎಫ್ ಕೆಳಗೆ ನಿಮ್ಮ ಕೋರ್ಸಿನ ಹೆಸರು ಇದೆಯಾ ನೋಡಿ. ದುಡ್ಡು ಆಮೇಲೆ. ಆನ್‌ಲೈನ್ ಕೋರ್ಸು ಕೊಡುವ, ಯುನಿವರ್ಸಿಟಿಯದ್ದೇ ಆದ ಯುಸಿ ಸ್ಕೌಟ್ ಕೂಡ ಇದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ. ನಿಮ್ಮ ಮಕ್ಕಳ ಶಾಲೆಗೂ ಮೊದಲೇ ಒಂದು ಮಾತು ತಿಳಿಸಿಬಿಡಿ.

ಕೊನೆಗೆ ಅವಳು ತಗೊಂಡಿದ್ದು ಎಪಿ ಆರ್ಟ್ ಹಿಸ್ಟರಿ, ಅಂದರೆ ಕಲೆಯ ಇತಿಹಾಸ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. 250 ಕಲಾಕೃತಿಗಳನ್ನು ಓದಬೇಕು. ಸುಲಭ ಅಂದುಕೊಂಡು ಸೇರಿದವಳು ಎರಡನೇ ವಾರದಲ್ಲೇ ಹಿಂದೆ ಬಿದ್ದಳು, ಯಾಕೆಂದರೆ ಇಲ್ಲಿ ಬೆಲ್ ಹೊಡೆಯುವವರು ಇಲ್ಲ, ಹೋಮ್‌ವರ್ಕ್ ಎಲ್ಲಿ ಅಂತ ಮುಖ ನೋಡಿ ಕೇಳುವವರೂ ಇಲ್ಲ. ಭಾನುವಾರ ರಾತ್ರಿ ಕೂತು ಏಳು ದಿನದ ಪಾಠ ಒಟ್ಟಿಗೆ ನುಂಗುವುದು. ಟೆಸ್ಟ್ ದಿನ ಕ್ಯಾಮೆರಾ ಆನ್ ಇರಬೇಕು. ಒಂದು ಸಲ ನಾನು ಮರೆತು ಚಟ್ನಿಗೆ ಮಿಕ್ಸಿ ಹಾಕಿದೆ ನೋಡಿ, ರೂಮಿನ ನಾಲ್ಕೂ ಮೂಲೆ ತೋರಿಸು ಅಂತ ಆ ಕಡೆಯಿಂದ ಅವಳಿಗೆ ಹೇಳಿದರು. ಎರಡು ದಿನ ನನ್ನ ಜೊತೆ ಮಾತಿಲ್ಲ.

ಪರೀಕ್ಷೆಯದ್ದು ಇನ್ನೊಂದು ಕತೆ. ಎಪಿ ಪರೀಕ್ಷೆ ಮೇ ತಿಂಗಳಲ್ಲಿ, ಆದರೆ ಹೆಸರು ಕೊಡಬೇಕಾಗಿದ್ದು ನವೆಂಬರಿನಲ್ಲೇ. ಅದನ್ನು ಬರೆಸುವ ಶಾಲೆ ನಾವೇ ಹುಡುಕಬೇಕು. ಅವಳ ಶಾಲೆಯಲ್ಲಿ ಈ ವಿಷಯ ಇಲ್ಲ, ಅಲ್ಲಿ ಇಲ್ಲಿ ಫೋನ್ ಮಾಡಿ ಕೊನೆಗೆ ಆರನೇ ಶಾಲೆಯವರು ಹೂಂ ಅಂದರು.

ಇಷ್ಟರ ಮಧ್ಯೆ ಒಂದು ಸಂಜೆ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಸ್ಕ್ರೀನ್ ಮೇಲೆ ಚೋಳರ ಕಾಲದ ಕಂಚಿನ ನಟರಾಜ. ಆ 250ರಲ್ಲಿ ಅದೂ ಒಂದು. ಹಿಂದೆ ಶೋಕೇಸಿನಲ್ಲಿ ಅವಳು ದಿನಾ ನಮಸ್ಕಾರ ಮಾಡಿ ಗೆಜ್ಜೆ ಕಟ್ಟುವ ನಮ್ಮನೆ ನಟರಾಜ. “ಅಮ್ಮಾ, ಕಾಲ ಕೆಳಗೆ ಇರೋನು ಅಪಸ್ಮಾರ ಅಂತ ಕ್ಲಾಸಲ್ಲಿ ಹೇಳಿದ್ರು, ಆದ್ರೆ ಇದನ್ನ ಎರಕ ಹೊಯ್ಯೋಕೆ ಮೊದ್ಲು ಮೇಣದಲ್ಲಿ ಮಾಡ್ತಾರೆ ಅಂತ ಯಾರೂ ಹೇಳಿರ್ಲಿಲ್ಲ” ಅಂದಳು. ಎದ್ದು ಹೋಗಿ ಆ ಮೂರ್ತಿ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

ಮೊನ್ನೆ ಕೋರ್ಸ್ ಮುಗಿಯಿತು, ಎರಡೂ ಸೆಮಿಸ್ಟರ್ ಬಿ ಗ್ರೇಡ್. ನವೆಂಬರಿನಲ್ಲಿ ಅರ್ಜಿ ತುಂಬುವಾಗ ಈ ಆನ್‌ಲೈನ್ ಶಾಲೆಯನ್ನು ಬೇರೆಯಾಗಿಯೇ ಹಾಕಬೇಕು. ಸೀಟು ಸಿಕ್ಕರೆ ಆಮೇಲೆ ಅವರ ಟ್ರಾನ್‌ಸ್ಕ್ರಿಪ್ಟ್, ಅಂದರೆ ಗ್ರೇಡ್ ಪಟ್ಟಿ ಕೂಡ ಕಳಿಸಬೇಕು, ಅದನ್ನು ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಟ್ಟಿದ್ದೇನೆ.

ಎಫ್ ತುಂಬಿತು ಅಂತ ಅಮ್ಮನಿಗೆ ಫೋನ್ ಮಾಡಿದೆ. ಏನೇನು ಓದಿದಳು ಅಂತ ಕೇಳಿದರು. ತಾಜ್ ಮಹಲ್, ಸಾಂಚಿ ಸ್ತೂಪ, ಖಜುರಾಹೊ ಅಂತ ಹೇಳುತ್ತಾ ಹೋದೆ. “ಮತ್ತೆ ನಮ್ಮ ಬೇಲೂರು?” ಅಂದರು.

ಇಲ್ಲಮ್ಮ, ಬೇಲೂರು ಇಲ್ಲ ಅಂದೆ.

“ಹೋಗ್ಲಿ ಬಿಡು, ರಜಕ್ಕೆ ಬಂದಾಗ ನಾನೇ ತೋರಿಸ್ತೀನಿ.”