ಕಥೆಯನ್ನು ಅರ್ಧಕ್ಕೆ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ರೇಡಿಯೋ ಹಚ್ಚಿಟ್ಟು ರೊಟ್ಟಿ ಬಡಿಯುತ್ತಿರುವ ತಾಯಂದಿರೇ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಆಯಿ-ಅಜ್ಜಂದಿರೇ, ಅಂಗನವಾಡಿಯ ಅಕ್ಕೋರೇ, ನಿಮ್ಮ ಜೊತೆಗೇ ಇವತ್ತಿನ ಮಾತು. ನಾನು ಹೇಳುವುದು ಒಂದೇ. ಮಕ್ಕಳಿಗೆ ಕಥೆ ಹೇಳಿ, ಆದರೆ ಪೂರ್ತಿ ಹೇಳಬೇಡಿ. ಅರ್ಧಕ್ಕೆ ಬಿಡಿ. ಉಳಿದರ್ಧ ಮಗುವಿನದು.

ನಾನು ಬಹಳ ವರ್ಷ ಚಿಕ್ಕ ಮಕ್ಕಳಿಗೆ ಕಲಿಸಿದವಳು. ಮೊದಮೊದಲು ಕಥೆಯನ್ನು ಕೊನೆಯವರೆಗೆ ನಾನೇ ಹೇಳಿ, "ಇದರಿಂದ ಏನು ಕಲಿತಿರಿ?" ಅಂತ ಕೇಳುತ್ತಿದ್ದೆ. ಮಕ್ಕಳು ಒಂದೇ ದನಿಯಲ್ಲಿ "ಸುಳ್ಳು ಹೇಳಬಾರದು" ಅನ್ನುತ್ತಿದ್ದರು. ಯಾವ ಕಥೆ ಹೇಳಿದರೂ ಅದೇ ಉತ್ತರ. ಆದರೂ ನನಗೆ ತಿಳಿಯಲಿಲ್ಲ. ತಿಳಿಸಿದವಳು ನಾಲ್ಕು ವರ್ಷದ ಒಬ್ಬ ಹುಡುಗಿ.

ಕುಂದಗೋಳ ಕಡೆಯ ಹಳ್ಳಿ. ಶ್ರಾವಣದ ಜಿಟಿಜಿಟಿ ಮಳೆ. ಮಕ್ಕಳಿಗೆ ಕಾಗೆ-ಗುಬ್ಬಿಯ ಕಥೆ ಹೇಳುತ್ತಿದ್ದೆ. ಕಾಗೆಯ ಮನೆ ಸಗಣಿಯದು, ಗುಬ್ಬಿಯ ಮನೆ ಕಲ್ಲಿನದು. ಮಳೆಗೆ ಕಾಗೆಯ ಮನೆ ಕರಗಿ ಹೋಯಿತು. ಅದು ಬಂದು ಗುಬ್ಬಿಯ ಬಾಗಿಲು ಬಡಿಯಿತು. "ಗುಬ್ಬಕ್ಕಾ, ಗುಬ್ಬಕ್ಕಾ, ಬಾಗಿಲಾ ತಗಿ." ಮುಂದಿನದು ನಿಮಗೆ ಗೊತ್ತೇ ಇದೆ. "ತಡಿ, ಕೂಸಿಗೆ ಎರೀತೇನಿ. ತಡಿ, ಕಾಡಿಗಿ ಹಚ್ತೇನಿ" ಅಂತ ಗುಬ್ಬಿ ಹೊರಗೇ ಕಾಯಿಸುತ್ತದೆ. ಅಷ್ಟರಲ್ಲಿ ಯಾರೋ ಕರೆದರು, ನಾನು ಎದ್ದು ಹೋದೆ. ತಿರುಗಿ ಬಂದು, "ಕಥೆ ಎಲ್ಲಿಗೆ ಬಂದಿತ್ತು?" ಅಂದೆ. ಆ ಹುಡುಗಿ ಹೇಳಿದಳು:

"ಗುಬ್ಬಿ ಬಾಗಿಲಾ ತಗಿಯಂಗಿಲ್ರೀ ಅಕ್ಕೋರ. ಅಕಿಗೆ ಚಿಲಕ ನಿಲುಕಂಗಿಲ್ಲ. ಅವ್ವ ಹೊಲಕ್ಕ ಹೋಗ್ಯಾಳ."

"ಹಂಗಲ್ಲ ಕಥಿ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಗೋ ತಡೆದೆ. ಆಮೇಲೆ ಗೊತ್ತಾಯಿತು, ಅವಳ ತಾಯಿ ಮೆಣಸಿನ ಹೊಲಕ್ಕೆ ಕಳೆ ತೆಗೆಯಲು ಹೋಗುವಾಗ ಎಷ್ಟೋ ದಿನ ಇವಳನ್ನೂ ತಮ್ಮನನ್ನೂ ಮನೆಯೊಳಗೇ ಬಿಟ್ಟು ಹೋಗುತ್ತಿದ್ದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ಹುಡುಗ, "ಬೆಳಕಿಂಡ್ಯಾಗಿಂದ ಇಳೀಲಿ" ಅಂದ. ಅದು ಮಣ್ಣಿನ ಮಾಳಿಗೆ ಮನೆಗಳ ಊರು. ಬೆಳಕಿಗೆ ಅಂತ ಮಾಳಿಗೆಯಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಇನ್ನೊಬ್ಬ, "ಮಳಿ ಬರ್ತೈತಂತ ಅದಕ್ಕ ತಗಡು ಮುಚ್ಯಾರ" ಅಂದ. ಮರುದಿನ ಹೊಸ ಪ್ರಶ್ನೆ ಬಂತು. ಬಾಗಿಲ ಹೊರಗಿರುವುದು ಕಾಗೆಯೋ, ಕಳ್ಳನೋ? ಗುಬ್ಬಿಗೆ ಹೇಗೆ ತಿಳಿಯಬೇಕು? "ಕಾಗಿ ಹಾಡಬೇಕು" ಅಂತ ಮಕ್ಕಳೇ ತೀರ್ಮಾನಿಸಿದರು. ಒಬ್ಬ ಊಟದ ತಾಟು ಬೋರಲು ಹಾಕಿಕೊಂಡು ಹೋಳಿ ಹುಣ್ಣಿಮೆಯ ಹಲಗೆ ಪೆಟ್ಟು ಬಾರಿಸಿದ. ಸಾಲು ಕಟ್ಟಿದವಳು ಅದೇ ಹುಡುಗಿ:

"ಕಾ ಕಾ ಗುಬ್ಬಕ್ಕ, ತೊಯ್ದೇನಿ ನೋಡಕ್ಕ,
ಕೊಡಾ ಡಬ್ಬ ಹಾಕಿ ಚಿಲಕಾ ತಗಿಯಕ್ಕ."

ನೋಡಿ, ಕೊಡ ಬೋರಲು ಹಾಕಿ ಅದರ ಮೇಲೆ ಹತ್ತಿದರೆ ಚಿಲಕ ನಿಲುಕುತ್ತದೆ! ನಾಲ್ಕು ದಿನ ನಡೆಯಿತು ಆ ಕಥೆ. ಅಡುಗೆ ಮಾಡುವ ಸಹಾಯಕಿ ಕೂಡ ಉಪ್ಪಿಟ್ಟು ಕಲಕುತ್ತಾ ಅದೇ ಹಾಡು ಗುನುಗುತ್ತಿದ್ದಳು. ಸೃಜನಶೀಲತೆ ಅನ್ನುವ ದೊಡ್ಡ ಪದ ಬಳಸುತ್ತೇವಲ್ಲ, ಅದು ಇದೇ. ತನ್ನ ಮನೆಯ ಚಿಲಕವನ್ನು ಗುಬ್ಬಿಯ ಬಾಗಿಲಿಗೆ ಹಾಕಿದ್ದು. ನಾನು ಕಥೆ ಮುಗಿಸಿದ್ದರೆ ಆ ಚಿಲಕ ಅವಳ ಬಾಯಿಂದ ಬರುತ್ತಲೇ ಇರಲಿಲ್ಲ.

ಆದರೆ ನಿಲ್ಲಿಸಿದರೆ ಸಾಲದು, ಕಾಯಬೇಕು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದರು. ಟೀಚರು ಪ್ರಶ್ನೆ ಕೇಳಿದ ಮೇಲೆ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದರು. 3 ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು. ಸುಮ್ಮನೆ ಕೂರುವ ಮಕ್ಕಳೂ ಬಾಯಿಬಿಟ್ಟರು. ಎರಡೇ ಎರಡು ಸೆಕೆಂಡು ಜಾಸ್ತಿ. ಅಷ್ಟೂ ನಮ್ಮಿಂದ ಆಗದಾ?

ಇನ್ನು ಹಾಡು. ಹೊತ್ತು ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಹಾಡನ್ನೂ ಅರ್ಧಕ್ಕೆ ಬಿಡಿ. ಸಾಲಿನ ಕೊನೆಯ ಪದ ಮಗು ಹಾಕಲಿ. ಇವತ್ತು ಆನೆ ಅಂದರೆ ನಾಳೆ ಬಸ್ಸು ಅನ್ನಲಿ. ಬೀಸುವ ಪದ ಹೇಳುತ್ತಿದ್ದ ನಮ್ಮ ಆಯಂದಿರು ಮಾಡಿದ್ದೂ ಇದನ್ನೇ ಅಲ್ವಾ? ಪುಸ್ತಕ ಇರಲಿಲ್ಲ. ತವರು ನೆನಪಾದರೆ ತವರಿನ ಸಾಲು, ಅಣ್ಣ ನೆನಪಾದರೆ ಅಣ್ಣನ ಸಾಲು. ವಾದ್ಯ ಕೊಳ್ಳಬೇಕಿಲ್ಲ. ಡಬ್ಬಿಯಲ್ಲಿ ನಾಲ್ಕು ಜೋಳದ ಕಾಳು ಹಾಕಿ ಮುಚ್ಚಳ ಬಿಗಿಮಾಡಿ ಕೊಡಿ. ಆಷಾಢದಲ್ಲಿ ಗುಳ್ಳವ್ವನನ್ನು ಮಾಡುವಾಗ ಕೂಸಿನ ಕೈಗೂ ಒಂದು ಮಣ್ಣಿನುಂಡೆ ಬರಲಿ.

ಈಗಿನ ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಚಿಕ್ಕವರಿದ್ದಾಗ ಭಜನೆ, ಬ್ಯಾಂಡಿನ ಮೆರವಣಿಗೆಯ ಹಿಂದೆ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದರಂತೆ. ಹುಡುಕಿ ಸಾಕಾದ ತಂದೆ, ಮಗನ ಅಂಗಿಯ ಮೇಲೆ "ಇವನು ಜೋಶಿ ಮಾಸ್ತರರ ಮಗ" ಅಂತ ಬರೆಸಿದರಂತೆ. ಸಿಕ್ಕವರು ಮನೆಗೆ ತಂದು ಬಿಡಲಿ ಅಂತ. ಮಗನನ್ನು ಕಟ್ಟಿಹಾಕಲಿಲ್ಲ, ಅಂಗಿಯ ಮೇಲೆ ಬರೆಸಿದರು!

"ಕಥೆ ಕೇಳುತ್ತಾ ಕೂತರೆ ಅಕ್ಷರ ಯಾವಾಗ ಬರುತ್ತೆ?" ಅಂತ ಕೇಳುವ ಪಾಲಕರಿಗೆ ಒಂದು ಮಾತು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳಿಗೆ ಆಟ, ಕಥೆ, ಹಾಡಿನ ಮೂಲಕವೇ ಕಲಿಸಿ ಅನ್ನುತ್ತದೆ. ಮೂರು ವರ್ಷದ ಕೈಗೆ ಪೆನ್ಸಿಲ್ ತುರುಕಬೇಡಿ. ಊಟ ಮಾಡಿಸಲು ಮೊಬೈಲ್ ಕೊಡುವವರಿಗೂ ಹೇಳುತ್ತೇನೆ. ಮೊಬೈಲಿನ ಕಥೆ ತಾನೇ ಶುರುವಾಗಿ ತಾನೇ ಮುಗಿಯುತ್ತದೆ. ಮಗುವಿಗಾಗಿ ಕಾಯುವುದಿಲ್ಲ.

ಇವತ್ತು ರಾತ್ರಿಯೇ ಮಾಡಿ ನೋಡಿ. ಕಾಗೆಯನ್ನು ಗುಬ್ಬಿಯ ಬಾಗಿಲವರೆಗೆ ತನ್ನಿ. "ಗುಬ್ಬಕ್ಕಾ, ಬಾಗಿಲಾ ತಗಿ" ಅನ್ನಿ. ನಿಲ್ಲಿಸಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಗು ನಿಮ್ಮ ಮುಖ ನೋಡುತ್ತದೆ. ಆಗಲೂ ಹೇಳಬೇಡಿ. ಇನ್ನೊಮ್ಮೆ ಎಣಿಸಿ.

ನಮಸ್ಕಾರ.