ಕೊಂಬೆಯಿಂದ ಕೊಂಬೆಗೆ ಸಿಂಗಳೀಕದ ದಾರಿ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಬಾಳೆಗೊನೆ ಮುರಿದು ಓಡುವ ಮಂಗ ಬೇರೆ, ಕರಿಮುಖದ ಉದ್ದ ಬಾಲದ ಮುಸಿಯ ಬೇರೆ. ತೋಟ ಉಳ್ಳವರು ಇವೆರಡನ್ನೂ ದಿನವೂ ಬೈದುಕೊಂಡೇ ನೋಡುತ್ತಾರೆ. ಆದರೆ ಅದೇ ಕಾಡಿನ ಮೂರನೆಯ ಕೋತಿಯನ್ನು ಕಂಡವರು ಕಡಿಮೆ. ಅದು ಸಿಂಗಳೀಕ.

ಮೈಯೆಲ್ಲ ಕಡುಗಪ್ಪು. ಮುಖದ ಸುತ್ತ ಬೆಳ್ಳಿಬೂದು ಕೇಸರ. ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ಪಶ್ಚಿಮ ಘಟ್ಟದ ಕಾಡುಗಳನ್ನು ಬಿಟ್ಟರೆ ಇದಕ್ಕೆ ಜಗತ್ತಿನಲ್ಲಿ ಬೇರೆ ತವರಿಲ್ಲ. ನಮ್ಮ ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಇದರ ನೆಲೆಯ ಉತ್ತರದ ಗಡಿ ಇದೆ.

ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಸಾಮಾನ್ಯವಾಗಿ 10ರಿಂದ 20 ಇರುವ ಹಿಂಡು ಬೆಳಗಾಗುತ್ತಲೇ ಮರದ ನೆತ್ತಿಯ ಮೇಲೆ ಹೊರಡುತ್ತದೆ. ಅತ್ತಿ, ಕಾಡು ಹಲಸು, ಉಪ್ಪಾಗೆ, ಯಾವುದು ಹಣ್ಣಾಗಿದೆಯೋ ಅತ್ತ ಪಯಣ. ಸಿಕ್ಕಿದ್ದನ್ನು ಅವಸರದಲ್ಲಿ ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಆಮೇಲೆ ನಿಧಾನವಾಗಿ ಅಗಿಯುತ್ತದೆ. ಹಣ್ಣಿಲ್ಲದ ಹೊತ್ತಿನಲ್ಲಿ ತೊಗಟೆ ಕೆದಕಿ, ಒಣಗಿದ ಎಲೆಯ ಸುರುಳಿ ಬಿಡಿಸಿ ಹುಳು ಹುಡುಕುತ್ತದೆ. ಆ ಬೆರಳುಗಳ ತಾಳ್ಮೆಯನ್ನು ಒಮ್ಮೆಯಾದರೂ ನೋಡಬೇಕು!

ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಬಾಳುತ್ತವೆ. ಗಂಡು ಮಾತ್ರ ಪ್ರಾಯಕ್ಕೆ ಬಂದ ಮೇಲೆ ಹಿಂಡು ತೊರೆದು ಇನ್ನೊಂದನ್ನು ಅರಸಿ ಹೊರಡುತ್ತದೆ. ತಾಯಿ ಸುಮಾರು ಆರು ತಿಂಗಳು ಹೊತ್ತು ಹೆರುವುದು ಒಂದೇ ಮರಿ. ಮುಂದಿನ ಮರಿಗೆ ವರ್ಷಗಳೇ ಬೇಕು. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಸಂತತಿ ಇದಲ್ಲ.

ನನ್ನನ್ನು ಕಾಡುವ ವಿಷಯ ಇಲ್ಲಿದೆ. ನಾವು ಕಾಡಿನ ನಡುವೆ ರಸ್ತೆ ಅಗಲಿಸುತ್ತೇವೆ, ತಂತಿ ಎಳೆಯುವುದಕ್ಕೆ ಮರಗಳ ಸಾಲು ಕಡಿಯುತ್ತೇವೆ. ನಮ್ಮ ಕಣ್ಣಿಗೆ ಅದು ನಾಲ್ಕು ಹೆಜ್ಜೆಯ ಜಾಗ. ಕೊಂಬೆ ಹಿಡಿದೇ ಸಾಗುವ ಸಿಂಗಳೀಕಕ್ಕೆ ಅಲ್ಲಿಗೆ ದಾರಿ ಮುಗಿಯಿತು. ಹೊರಟ ಗಂಡು ಆಚೆಯ ಹಿಂಡನ್ನು ಸೇರುವುದಿಲ್ಲ. ಈಚೆಯ ಹಿಂಡಿಗೆ ಹೊಸ ರಕ್ತ ಬರುವುದಿಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಕಾಡು ಚಹಾ ತೋಟಗಳ ನಡುವೆ ತುಂಡುತುಂಡಾಯಿತು. ಅಲ್ಲಿನ ಹಿಂಡುಗಳು ನೆಲಕ್ಕಿಳಿದು ರಸ್ತೆ ದಾಟುವುದನ್ನು ಕಲಿಯಬೇಕಾಯಿತು. ಅವುಗಳಿಗಾಗಿ ಈಗ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ.

ನಮ್ಮಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಶರಾವತಿ ಅಭಯಾರಣ್ಯ ವಿಸ್ತಾರಗೊಂಡು ಸಿಂಗಳೀಕದ ಹೆಸರನ್ನೇ ಪಡೆಯಿತು. ಅಘನಾಶಿನಿಯ ಕಾಡಿನಲ್ಲಿ ಜನರೂ ಇದ್ದಾರೆ. ಉಪ್ಪಾಗೆಯ ಸಿಪ್ಪೆ ಒಣಗಿಸಿ ಮಾರುವುದು ಎಷ್ಟೋ ಮನೆಗಳಿಗೆ ಮಳೆಗಾಲದ ಆದಾಯ. ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ಯದೆ, ಹಣ್ಣಾಗುವ ತನಕ ಕಾದರೆ ಕೋತಿಗೂ ಪಾಲು ಉಳಿಯುತ್ತದೆ, ಮರವೂ ಉಳಿಯುತ್ತದೆ.

ಜೋಗದಿಂದ ಹೊನ್ನಾವರಕ್ಕೆ ಘಟ್ಟ ಇಳಿಯುವವರಲ್ಲಿ ಒಂದು ಬೇಡಿಕೆ. ರಸ್ತೆಯ ಪಕ್ಕದ ಮರದಲ್ಲಿ ಈ ಕರಿ ಮೈ, ಬೆಳ್ಳಿ ಕೇಸರ ಕಂಡರೆ ದಯವಿಟ್ಟು ತಿಂಡಿ ಎಸೆಯಬೇಡಿ. ಒಂದು ಬಿಸ್ಕತ್ತಿಗಾಗಿ ಅದು ನೆಲಕ್ಕಿಳಿದರೆ, ಹಿಂದೆ ಬರುವ ಲಾರಿಯ ಚಾಲಕನಿಗೆ ಅದು ಕಾಣುವುದಿಲ್ಲ.

ನಮಸ್ಕಾರ.